ಯೂಲಿಯನ್ ಕುಡಿಸಿದ ಕೆಂಪು ನೀರು

ಗೋಜಿ ಹಣ್ಣನ್ನು ಯಾರಾದರೂ ಔಷಧಿ ಎಂದರೆ ಯೂಲಿಯನ್‌ಗೆ ಎಲ್ಲಿಲ್ಲದ ಸಿಟ್ಟು. "ಔಷಧಿ ಅನ್ನೋದು ಕಾಯಿಲೆ ಬಂದೋರಿಗೆ ಕಣಪ್ಪಾ. ಇದು ಊಟ. ಇದು ನೀರು. ನೀನೇನು ನೀರು ಕುಡಿಯೋಕೂ ಡಾಕ್ಟರ ಹತ್ರ ಚೀಟಿ ಬರೆಸ್ಕೊಂಡು ಬರ್ತೀಯಾ?" ಎಂದು, ಹಣ್ಣು ಕೊಳ್ಳಲು ಬಂದ ಪೇಟೆಯವರ ಬಾಯಿ ಮುಚ್ಚಿಸಿಬಿಡುತ್ತಿದ್ದಳು. ಚೀನಾದ ಈ ಝೊಂಗ್‌ನಿಂಗ್ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವ್ಯಾರೂ ಈ ಮಾತಿಗೆ ಎದುರಾಡುವವರಲ್ಲ. ನಮ್ಮಲ್ಲಿ ಬೆಳಗಿನ ಗಂಜಿಯಲ್ಲಿ ಅದೇ, ಕುರಿಮಾಂಸದ ಸಾರಿನಲ್ಲಿ ಅದೇ, ಕುಡಿಯುವ ಬಿಸಿನೀರಿನಲ್ಲೂ ಅದೇ ಕೆಂಪು ಹಣ್ಣು ತೇಲುತ್ತಿರುತ್ತದೆ. ಅದಿಲ್ಲದ ನೀರು ಕುಡಿದರೆ ಏನೋ ಬರಿಗಂಟಲು ಅನ್ನಿಸುತ್ತದೆ.

ಯೂಲಿಯನ್ ಹತ್ತೊಂಬತ್ತು ತುಂಬುವ ಮೊದಲೇ ಹಳದಿ ನದಿಯ ಆಚೆ ದಡದಿಂದ ವಾನ್ ಗೆನ್‌ಶೆಂಗನ ಹೆಂಡತಿಯಾಗಿ ಬಂದವಳು. ಬಂದ ಮೂರನೆಯ ದಿನಕ್ಕೇ ಅತ್ತೆ ಬುಟ್ಟಿ ಕೈಗೆ ಕೊಟ್ಟು ತೋಟಕ್ಕೆ ಅಟ್ಟಿದಳು. "ಇಬ್ಬನಿ ಆರೋ ತನಕ ಗಿಡ ಮುಟ್ಟಬೇಡ. ತೊಟ್ಟು ಹಿಡಿದು ಕೀಳು, ಹಣ್ಣು ಹಿಸುಕಬೇಡ. ಒಣಗೋಕೆ ಹಾಕಿದ ಹಣ್ಣಿಗೆ ಬೆರಳು ಸೋಕಿತೋ, ಕಪ್ಪಾಗುತ್ತೆ. ಆ ಕಪ್ಪನ್ನ ನಿನ್ನ ಮುಖಕ್ಕೇ ಬಳೀತೀನಿ, ನೋಡ್ಕೋ!" ಎಂದು ಅತ್ತೆ ಹೆದರಿಸಿದ್ದಳಂತೆ. ಮೊದಲ ವರ್ಷ ಅತ್ತು ಕರೆದು ಮುಳ್ಳು ಚುಚ್ಚಿಸಿಕೊಂಡ ಹುಡುಗಿ, ಐದನೆಯ ವರ್ಷಕ್ಕೆ ಊರಿಗೇ ಚುರುಕು ಕೈಯವಳಾದಳು. ಅವಳು ಒಣಗಿಸಿದ ಹಣ್ಣಿನಲ್ಲಿ ಒಂದಾದರೂ ಕಪ್ಪು ಕಾಳು ಹುಡುಕಿ ತೋರಿಸಿ ಎಂದು ಗಂಡಸರ ಎದುರೇ ಸವಾಲು ಹಾಕುತ್ತಿದ್ದಳು.

ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಳ ಮಾವ ತೊಂಬತ್ತೊಂದು ವರ್ಷ ಬದುಕಿದ. ಕೊನೆಯ ದಿನದವರೆಗೂ ಸ್ವಂತ ಹಲ್ಲಿನಲ್ಲೇ ಮಾಂಸ ಕಡಿದ. "ಏನು ತಿಂದು? ನಾನು ಹಾಕಿಕೊಟ್ಟ ಹಣ್ಣು ತಿಂದು!" ಎನ್ನುತ್ತಿದ್ದಳು ಯೂಲಿಯನ್. ಊರಿನಲ್ಲಿ ಯಾರು ಕೆಮ್ಮಿದರೂ ಸೀನಿದರೂ ಅವಳ ಮಡಿಲಿನಿಂದ ಒಂದು ಹಿಡಿ ಹಣ್ಣು ಹೊರಬರುತ್ತಿತ್ತು. ಬಾಣಂತಿಗೆ ಮೊಟ್ಟೆ, ಬೆಲ್ಲದ ಜೊತೆ. ಕಣ್ಣು ಮಂಜಾದವರಿಗೆ ಸೇವಂತಿಗೆ ಹೂವಿನ ಜೊತೆ. ಸೊಂಟ ಹಿಡಿದ ಗಂಡಸರಿಗೆ ಸಾರಾಯಿಯಲ್ಲಿ ನೆನೆಸಿ. ಮುಖ ಬಿಳಿಚಿಕೊಂಡು ಸುಸ್ತು ಅಂದವರಿಗೆ ಕೆಂಪು ಬೋರೆಹಣ್ಣಿನ ಜೊತೆ ಕುದಿಸಿ, "ರಕ್ತ ಹೆಚ್ಚುತ್ತೆ, ಸುಮ್ನೆ ಕುಡಿ" ಎಂದು ಎದುರು ನಿಂತೇ ಕುಡಿಸುತ್ತಿದ್ದಳು.

"ಇವಳ ಕೈಗೆ ಸಿಕ್ಕಿದ್ರೆ ಸತ್ತೋರನ್ನೂ ಎಬ್ಬಿಸಿ ನಾಲ್ಕು ಹಣ್ಣು ತಿನ್ನಿಸ್ತಾಳೆ," ಎಂದು ಗೆನ್‌ಶೆಂಗ್ ನಗುತ್ತಿದ್ದ.

"ನಿನ್ನನ್ನ ಮಾತ್ರ ಎಬ್ಬಿಸಲ್ಲ ಹೋಗು. ಮಲಗಿದ್ರೆ ಮನೆ ತಣ್ಣಗಿರುತ್ತೆ," ಎನ್ನುತ್ತಿದ್ದಳು ಇವಳು.

ಅಂಥ ಗೆನ್‌ಶೆಂಗ್ ಅರವತ್ತೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ಬೆಳಗ್ಗೆ ಕಾಲುವೆ ಏರಿ ಹತ್ತಲಾರದೆ ಅಲ್ಲೇ ಕುಳಿತುಬಿಟ್ಟ. ಉಸಿರು ಸಿಗುತ್ತಿರಲಿಲ್ಲ. ಮಗಳು ಚ್ಯಾವ್‌ಲಿಂಗ್ ಝೊಂಗ್‌ನಿಂಗ್ ಪೇಟೆಯಲ್ಲಿ ಶಾಲೆಯ ಶಿಕ್ಷಕಿ. ಅವಳೇ ಬಂದು ಅಪ್ಪನನ್ನು ಯಿನ್‌ಚ್ವಾನ್ ನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಹೃದಯದ ಒಂದು ಕವಾಟ ಹಾಳಾಗಿದೆ ಎಂದು ಎದೆ ಬಿಚ್ಚಿ ಲೋಹದ ಕವಾಟ ಕೂರಿಸಿದರು. ಮನೆಗೆ ಬಂದ ಮೇಲೆ ಮಧ್ಯಾಹ್ನದ ಹೊತ್ತು ಅವನ ಪಕ್ಕ ಅಡ್ಡಾದರೆ ಯೂಲಿಯನ್‌ಗೆ ಅವನ ಎದೆಯೊಳಗಿನ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಮೊದಮೊದಲು ಅದಕ್ಕೆ ಹೆದರಿದಳು. ಆಮೇಲೆ ಅದು ಕೇಳದಿದ್ದರೆ ಹೆದರತೊಡಗಿದಳು.

ಆಸ್ಪತ್ರೆಯಿಂದ ಕಳಿಸುವ ದಿನ ಡಾಕ್ಟರ್ ಶೆನ್ ಎಂಬ ಹೆಣ್ಣುಮಗಳು ಅವರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. "ದೊಡ್ಡಮ್ಮ, ಈ ಬಿಳಿ ಮಾತ್ರೆ ಬದುಕಿರೋ ತನಕ ತಗೋಬೇಕು. ಇದು ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳುತ್ತೆ. ಕಮ್ಮಿಯಾದ್ರೆ ಕವಾಟದ ಮೇಲೆ ರಕ್ತ ಗಟ್ಟಿಯಾಗುತ್ತೆ. ಜಾಸ್ತಿಯಾದ್ರೆ ಎಲ್ಲೆಂದರಲ್ಲಿ ಸೋರೋಕೆ ಶುರುವಾಗುತ್ತೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ರಕ್ತ ಎಷ್ಟು ತೆಳುವಾಗಿದೆ ಅನ್ನೋ ಅಂಕಿ ಎರಡರಿಂದ ಮೂರರ ಒಳಗೆ ಬರಬೇಕು. ತಪ್ಪಿಸಬೇಡಿ."

"ತಪ್ಪಿಸ್ತೀವಾ ತಾಯಿ? ಹೇಳಿದ್ ಹಂಗೇ ಮಾಡ್ತೀನಿ."

"ಸೊಪ್ಪು ತಿಂದ್ರೆ ದಿನಾ ಒಂದೇ ಅಳತೆ. ಸಾರಾಯಿ ಮುಟ್ಟಂಗಿಲ್ಲ. ಇನ್ನೊಂದು ಮುಖ್ಯ. ಬೇರು, ಕಷಾಯ, ಜಿನ್‌ಸೆಂಗ್, ಯಾವುದಾದ್ರೂ ನಾಟಿ ಔಷಧಿ ಕೊಡ್ತೀರಾ?"

"ಇಲ್ಲಮ್ಮಾ. ನಮ್ಮನೇಲಿ ಅಂಥಾದ್ದೆಲ್ಲ ಇಟ್ಕೊಂಡಿಲ್ಲ," ಎಂದಳು ಯೂಲಿಯನ್. ಸುಳ್ಳು ಹೇಳಲಿಲ್ಲ, ದೇವರಾಣೆಗೂ ಹೇಳಲಿಲ್ಲ. ಮಗಳೂ ಪಕ್ಕದಲ್ಲೇ ಇದ್ದಳು, ಅವಳೂ ಹೌದೆಂದು ತಲೆಯಾಡಿಸಿದಳು. ಯೂಲಿಯನ್‌ಳ ತೊಡೆಯ ಮೇಲಿದ್ದ ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕ್ ಇತ್ತು. ಅದರಲ್ಲಿ ಎಂದಿನಂತೆ ಒಂದು ಹಿಡಿ ಕೆಂಪು ಹಣ್ಣು ಇತ್ತು.

ಊರಿಗೆ ಬಂದ ಮೇಲೆ ಅವಳು ಮಾಡಿದ ಆರೈಕೆ ನೋಡಬೇಕಿತ್ತು. ಮಾತ್ರೆಯನ್ನು ಚಾಕುವಿನಲ್ಲಿ ಕತ್ತರಿಸಿ, ಒಂದೂಕಾಲು ಅಂದರೆ ಒಂದೂಕಾಲೇ, ಒಂದು ಚೂರೂ ಹೆಚ್ಚುಕಮ್ಮಿ ಆಗದ ಹಾಗೆ ಕೊಡುತ್ತಿದ್ದಳು. ಸೊಪ್ಪನ್ನು ತಕ್ಕಡಿಯಲ್ಲಿ ತೂಗುತ್ತಿದ್ದಳು. ಸಾರಾಯಿ ಜಾಡಿಯನ್ನು ಎತ್ತಿಕೊಂಡು ಹೋಗಿ ಮಗಳ ಮನೆಯಲ್ಲಿಟ್ಟು ಬಂದಳು. ಇಷ್ಟೆಲ್ಲ ಮಾಡಿ, ಎದೆ ಸೀಳಿಸಿಕೊಂಡು ಬಂದ ಗಂಡನ ರಕ್ತ ತುಂಬಿ ಬರಲಿ ಎಂದು ಅವನ ಲೋಟಕ್ಕೆ ಹಾಕುವ ಹಣ್ಣನ್ನು ಒಂದು ಹಿಡಿಯಿಂದ ಒಂದೂವರೆ ಹಿಡಿ ಮಾಡಿದಳು. ಮೊದಲ ತಿಂಗಳ ಪರೀಕ್ಷೆಯಲ್ಲಿ ಅಂಕಿ ಮೂರಕ್ಕಿಂತ ತುಸು ಮೇಲೆ ಬಂತು. ಅಲ್ಲಿ ಮಾತ್ರೆಯನ್ನು ಒಂದಕ್ಕೆ ಇಳಿಸಿದರು, ಇಲ್ಲಿ ಇವಳೂ ಒಂದಕ್ಕೆ ಇಳಿಸಿದಳು. ಆಮೇಲಿನ ತಿಂಗಳುಗಳಲ್ಲಿ ಅಂಕಿ ಮೂರರ ಒಳಗೇ ನಿಂತಿತು.

ಜೂನ್ ಬಂತು, ಹಣ್ಣು ಕೆಂಪಾಯಿತು. ಕೊಯ್ಲು ಅಂದಮೇಲೆ ನಮ್ಮಲ್ಲಿ ಮದುವೆಗೂ ಪುರುಸೊತ್ತಿರುವುದಿಲ್ಲ. ಹಣ್ಣು ಕಾಯುವುದಿಲ್ಲ, ಒಂದು ಮಳೆ ಬಿದ್ದರೆ ಸೀಳಿಹೋಗುತ್ತದೆ. ಪರೀಕ್ಷೆಗೆ ಹೋಗುವ ದಿನ ಬಂದಾಗ ಗೆನ್‌ಶೆಂಗನೇ, "ಈ ಸುತ್ತಿನ ಹಣ್ಣು ಮುಗೀಲಿ, ಹೋದ್ರಾಯ್ತು," ಎಂದ. ಯೂಲಿಯನ್ ಗೊಣಗಿದಳು. ಆದರೆ ಅವಳ ಕಣ್ಣೂ ಮೋಡದ ಮೇಲೇ ಇತ್ತು.

ಅದೇ ದಿನಗಳಲ್ಲಿ ಅವನ ಮೊಣಕೈ ಹತ್ತಿರ ಒಂದು ಕಪ್ಪು ಕಲೆ ಕಂಡಿತು. ಕೈ ಸೋಕಿದ ಹಣ್ಣು ಕಪ್ಪಾಗುತ್ತದಲ್ಲ, ಹಾಗೆ. "ಎಲ್ಲಿ ಬಡಿಸ್ಕೊಂಡೆ ಮುದುಕಾ?" "ಎಲ್ಲೂ ಇಲ್ಲ ಕಣೇ. ಬುಟ್ಟಿ ತಾಗಿರಬೇಕು." ನಾಲ್ಕು ದಿನಕ್ಕೆ ತೊಡೆಯ ಮೇಲೆ ಇನ್ನೊಂದು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಮುಖವೂ ಕೊಂಚ ಬಿಳಿಚಿತ್ತು. ಯೂಲಿಯನ್‌ಗೆ ಅನುಮಾನವೇ ಬರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಬಿಳಿಚಿದ್ದಾನೆ ಅಂದರೆ ರಕ್ತ ಕಮ್ಮಿ. ರಕ್ತ ಕಮ್ಮಿ ಅಂದರೆ ಹಣ್ಣು ಸಾಲದು. ಒಂದೂವರೆ ಹಿಡಿ ಎರಡಾಯಿತು, ಎರಡು ಮೂರಾಯಿತು. ಗಂಜಿಗೆ ಬೇರೆ, ಸಾರಿಗೆ ಬೇರೆ. ಸಾಲದೆಂದು ಜೇಬಿಗೂ ತುಂಬಿ ಕಳಿಸಿದಳು.

ಆ ದಿನಗಳಲ್ಲೇ ಪಕ್ಕದ ಮನೆಯ ಮಾ ಸಾಯ್‌ಮೆಯ್ ಬೇಲಿಯಾಚೆ ನಿಂತು ಗಂಡನ ಗೋಳು ಹೇಳಿಕೊಂಡಿದ್ದಳು. "ನಮ್ಮ ಯಾನ್‌ಲಿನ್‌ಗೆ ಕಾಲು ಊದಿತ್ತಲ್ಲಕ್ಕ, ಪೇಟೆ ಆಸ್ಪತ್ರೇಲಿ ಹತ್ತು ದಿನ ಇದ್ದು ಬಂದ್ರು. ಈಗ ಊತ ಇಳಿದಿದೆ, ಆದರೆ ಸುಸ್ತು ಅಂತಾರೆ."

"ಸುಸ್ತಾಗದೆ ಇನ್ನೇನು, ಆಸ್ಪತ್ರೆ ಅನ್ನ ತಿಂದ್ರೆ? ತಗೋ," ಎಂದು ಯೂಲಿಯನ್ ತನ್ನ ಆ ವರ್ಷದ ಮೊದಲ ಕೊಯ್ಲಿನ ಹಣ್ಣನ್ನು ಒಂದು ಡಬ್ಬಿ ತುಂಬ ಕೊಟ್ಟಳು. "ದಿನಕ್ಕೆ ಎರಡು ಹಿಡಿ. ಜಿಪುಣತನ ಮಾಡಬೇಡ, ಮುಗಿದ್ರೆ ಮತ್ತೆ ಕೊಡ್ತೀನಿ." ಕೊಟ್ಟಳು, ಮರೆತಳು. ಅವಳು ಕೊಟ್ಟದ್ದನ್ನೆಲ್ಲ ನೆನಪಿಟ್ಟುಕೊಂಡರೆ ತಲೆಯಲ್ಲಿ ಬೇರೇನಕ್ಕೂ ಜಾಗ ಇರುತ್ತಿರಲಿಲ್ಲ.

ಜುಲೈ ಎರಡನೆಯ ವಾರ. ಇಬ್ಬನಿ ಆಗಷ್ಟೇ ಆರಿತ್ತು. ಗೆನ್‌ಶೆಂಗ್ ಎರಡು ಸಾಲು ಆಚೆ ಕೊಯ್ಯುತ್ತಿದ್ದವನು, "ಲೇ, ಇಲ್ಲಿ ಬಾರೇ," ಎಂದ. ದನಿ ಸರಿಯಿರಲಿಲ್ಲ. ಓಡಿ ಹೋಗಿ ನೋಡಿದರೆ ಮೂಗಿನಿಂದ ಗಲ್ಲದವರೆಗೆ ರಕ್ತ, ಅಂಗಿ ತುಂಬ ರಕ್ತ. ಬುಟ್ಟಿಯೊಳಗೂ ಬಿದ್ದಿತ್ತು. ಹಣ್ಣು ಯಾವುದು ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿದಳು, ತಣ್ಣೀರು ಹಾಕಿದಳು, ಅಂಗಿಯ ಅಂಚು ಹರಿದು ಒತ್ತಿ ಹಿಡಿದಳು. ನಿಲ್ಲಲೊಲ್ಲದು! ಅಷ್ಟರಲ್ಲಿ ಅವನು ಮೆಲ್ಲಗೆ, "ಬೆಳಗ್ಗೆ ಉಚ್ಚೆಯೂ ಕೆಂಪಗಿತ್ತು ಕಣೇ. ಹಣ್ಣಿನ ಬಣ್ಣ ಅಂದ್ಕೊಂಡೆ," ಎಂದ. ಯೂಲಿಯನ್ ಗಾಡಿ ಹುಡುಕಿಕೊಂಡು ರಸ್ತೆಯ ಕಡೆ ಓಡಿದಳು.

ನಗರದ ಆಸ್ಪತ್ರೆ ತಲುಪುವ ಹೊತ್ತಿಗೆ ಅವಳ ತೋಳಿಗೆಲ್ಲ ಒಣಗಿದ ರಕ್ತ ಅಂಟಿತ್ತು. ಪರೀಕ್ಷೆಯ ಅಂಕಿ ನೋಡಿದ ಡಾಕ್ಟರ್ ಶೆನ್ ಇನ್ನೊಮ್ಮೆ ಮಾಡಿಸಿದಳು. ಮತ್ತೆ ಅದೇ. ಎರಡು ಮೂರು ಇರಬೇಕಾದ ಕಡೆ ಒಂಬತ್ತು.

"ಮಾತ್ರೆ ಎಷ್ಟು ಕೊಟ್ರಿ?"

"ಒಂದೇ ತಾಯಿ. ನನ್ನ ಕೈಯ್ಯಾರೆ."

"ತಪ್ಪಿ ಎರಡು ಸಲ?"

"ನನ್ನ ಮಗಳ ಮೇಲಾಣೆ, ಇಲ್ಲ."

"ಬೇರೆ ಔಷಧಿ? ಯಾರೋ ಕೊಟ್ಟ ಪುಡಿ, ಎಣ್ಣೆ, ಕಷಾಯ?"

"ಇಲ್ಲ, ಇಲ್ಲ, ಇಲ್ಲ! ಎಷ್ಟು ಸಲ ಹೇಳ್ಲಿ? ಗಂಜಿ, ಮಾಂಸದ ಸಾರು, ಶಾವಿಗೆ, ಅಷ್ಟೇ!" ಎಂದು ಯೂಲಿಯನ್ ಕೂಗಿಬಿಟ್ಟಳು. ಹೆದರಿಕೆಗೆ ಅವಳ ಬಾಯಿ ಜೋರಾಗುತ್ತದೆ. ಡಾಕ್ಟರ್ ಬೇಸರಿಸಲಿಲ್ಲ. ಚುಚ್ಚುಮದ್ದು ಕೊಟ್ಟರು, ಮಾತ್ರೆ ನಿಲ್ಲಿಸಿದರು. ಮೂರನೆಯ ದಿನಕ್ಕೆ ಅಂಕಿ ಇಳಿದು ರಕ್ತ ನಿಂತಿತು. ಆದರೆ ಲೋಹದ ಕವಾಟ ಇರುವವನನ್ನು ಮಾತ್ರೆಯಿಲ್ಲದೆ ಇಡುವಂತಿಲ್ಲ. ಅರ್ಧ ಮಾತ್ರೆಯಿಂದ ಮತ್ತೆ ಶುರು ಮಾಡಿದರು. ವಾರ ಕಳೆಯುವಷ್ಟರಲ್ಲಿ ಅಂಕಿ ಸರಸರನೆ ಮೇಲೆ ಹತ್ತಿತು. ಬರೀ ಅರ್ಧ ಮಾತ್ರೆಗೆ! ಕಾರಣ ಸಿಗದೆ ಡಾಕ್ಟರ್ ಶೆನ್ ಹಾಸಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತುಬಿಟ್ಟಳು.

ಬೆಳಗ್ಗೆ ಹತ್ತು ಗಂಟೆಯ ಹೊತ್ತು. ಯೂಲಿಯನ್ ಎಂದಿನಂತೆ ಫ್ಲಾಸ್ಕ್ ತೆಗೆದು ಲೋಟಕ್ಕೆ ಬಗ್ಗಿಸಿ, ಗಂಡನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿದಳು. ಡಾಕ್ಟರ್ ಶೆನ್ ಅದನ್ನು ನೋಡಿದಳು. ಲೋಟದಲ್ಲಿ ಊದಿಕೊಂಡ ಹಣ್ಣುಗಳು ಒತ್ತೊತ್ತಾಗಿ ತೇಲುತ್ತಿದ್ದವು.

"ಇದೇನು ದೊಡ್ಡಮ್ಮ?"

"ಇದಾ? ನೀರು."

"ನೀರಿನೊಳಗೆ?"

ಯೂಲಿಯನ್ ಲೋಟ ನೋಡಿದಳು, ಡಾಕ್ಟರ ಮುಖ ನೋಡಿದಳು. ಪಾಪ, ಹಣ್ಣಿನ ಗುರುತೂ ಸಿಗದಷ್ಟು ಪೇಟೆಯವಳು ಎಂದುಕೊಂಡು, "ನಮ್ಮ ತೋಟದ ಹಣ್ಣು ಕಣವ್ವ. ನೀನೂ ಒಂದು ಲೋಟ ಕುಡೀತೀಯಾ?" ಎಂದಳು.

ಡಾಕ್ಟರ್ ಶೆನ್ ಎದ್ದು ನಿಂತು ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡಳು. "ದಿನಕ್ಕೆ ಎಷ್ಟು?"

"ಮೊದಲು ಒಂದೂವರೆ ಹಿಡಿ. ಮೈಮೇಲೆ ಕಲೆ ಬಂದ ಮೇಲೆ ಮೂರು. ರಕ್ತ ಆಗ್ಲಿ ಅಂತ..."

"ದೊಡ್ಡಮ್ಮ, ನಾನು ಹೇಳೋದು ಕೇಳಿ. ಹೆದರಬೇಡಿ. ಈ ಹಣ್ಣು ಬೇರೆಯೋರಿಗೆ ಒಳ್ಳೇದೇ. ಆದರೆ ಆ ಬಿಳಿ ಮಾತ್ರೆ ಜೊತೆ ಸೇರಿದ್ರೆ ಮಾತ್ರೆಯನ್ನ ಮೈಯಿಂದ ಹೊರಗೆ ಹೋಗೋಕೆ ಬಿಡಲ್ಲ. ಒಂದು ಮಾತ್ರೆ ನಾಲ್ಕು ಮಾತ್ರೆ ಆಗುತ್ತೆ. ಇವರಿಗೆ ರಕ್ತ ಸೋರಿದ್ದು ಇದರಿಂದಲೇ."

ಯೂಲಿಯನ್‌ಗೆ ಮಾತು ಕೇಳಿಸಿತು, ಅರ್ಥ ತಲೆಗಿಳಿಯಲಿಲ್ಲ. ಇಳಿದಾಗ ಗೋಡೆ ಹಿಡಿದುಕೊಂಡು ನೆಲದ ಮೇಲೇ ಕುಕ್ಕರಿಸಿದಳು. ಐವತ್ತು ವರ್ಷ! ಐವತ್ತು ವರ್ಷ ಈ ಹಣ್ಣಿನ ಮುಳ್ಳಿಗೆ ಬೆರಳು ಕೊಟ್ಟು, ಬಿಸಿಲಿಗೆ ಬೆನ್ನು ಕೊಟ್ಟು, ಇದಕ್ಕಿಂತ ಒಳ್ಳೆಯದು ಭೂಮಿ ಮೇಲೆ ಇಲ್ಲ ಎಂದು ಕಂಡಕಂಡವರಿಗೆ ಸಾರಿದವಳು. ಮಾತ್ರೆಯನ್ನು ಕಾಲುಕಾಲು ಕತ್ತರಿಸಿ ಕೊಟ್ಟ ಕೈಯೇ ಹಿಡಿಗಟ್ಟಲೆ ಇದನ್ನು ಸುರಿದಿತ್ತು. ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರಿಗೇ, ಲೋಟ ಹಿಡಿದು ಕುಡಿಸಿತ್ತು. ಎಂಥ ಹೆಂಗಸು ನಾನು ಎಂದು ಅವಳಿಗೆ ತನ್ನ ಕೈಗಳನ್ನು ನೋಡಲೇ ಅಸಹ್ಯವಾಯಿತು.

"ಎಷ್ಟು ಸಲ ಕೇಳಿದೆ ನಿಮ್ಮನ್ನ," ಎಂದಳು ಡಾಕ್ಟರ್, ನೋವಿನಿಂದ.

"ನೀನು ಔಷಧಿ ಅಂತ ಕೇಳಿದೆ ತಾಯಿ," ಎಂದಳು ಯೂಲಿಯನ್. ಅಷ್ಟು ಹೇಳಿ ಬಾಯಿಗೆ ಬಟ್ಟೆ ಒತ್ತಿಕೊಂಡಳು.

ಹಾಸಿಗೆಯಲ್ಲಿದ್ದ ಗೆನ್‌ಶೆಂಗ್ ಎಲ್ಲ ಕೇಳಿಸಿಕೊಂಡಿದ್ದ. ವಾತಾವರಣ ತಿಳಿ ಮಾಡೋಣವೆಂದು, "ಸತ್ತೋರನ್ನೂ ಎಬ್ಬಿಸ್ತಾಳೆ ಅಂತಿದ್ದೆ. ಇವಳು ಬದುಕಿರೋನನ್ನ..." ಎಂದು ಶುರು ಮಾಡಿದ. ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಕೈ ಚಾಚಿ, "ಏಳೇ ಮೇಲೆ. ನೆಲ ತಣ್ಣಗಿದೆ," ಎಂದ.

ಹಣ್ಣು ನಿಂತಿತು, ಅಂಕಿಯೂ ಹಿಡಿತಕ್ಕೆ ಬಂತು. ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ಯೂಲಿಯನ್ ಬಂದವಳೇ ಅಡಿಗೆಮನೆಯ ಡಬ್ಬಿ, ಜಾಡಿ, ಗಂಜಿಗೆಂದು ತೆಗೆದಿಟ್ಟ ಬಟ್ಟಲು ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟಳು. ಫ್ಲಾಸ್ಕನ್ನು ಬೂದಿ ಹಾಕಿ ನಾಲ್ಕು ಸಲ ತಿಕ್ಕಿದಳು. ಆ ದಿನ ಗಂಡನಿಗೆ ಬರೀ ಬಿಸಿನೀರು ಕೊಟ್ಟಾಗ ಅವನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. "ಸಪ್ಪೆ ಕಣೇ." "ಸಪ್ಪೆ ಕುಡಿದು ಬದುಕು," ಎಂದಳು ಅವಳು.

ಮಾರನೆಯ ದಿನ ಬೆಳಗ್ಗೆ ಊರು ನೋಡಲು ಬಂತು. ಕಾಯಿಲೆಯವರ ಮನೆಗೆ ನಮ್ಮಲ್ಲಿ ಬರಿಗೈಲಿ ಯಾರೂ ಬರುವುದಿಲ್ಲ. ಏನು ತರುತ್ತಾರೆ ಎಂದು ಕೇಳಬೇಕೆ? ಒಬ್ಬೊಬ್ಬರ ಕೈಯಲ್ಲೂ ಕೆಂಪು ಕಾಗದ ಸುತ್ತಿದ ಡಬ್ಬಿ, ಡಬ್ಬಿಯಲ್ಲಿ ಅವರವರ ತೋಟದ ಆಯ್ದ ಹಣ್ಣು. ಯೂಲಿಯನ್ ಬಾಗಿಲಿಗೆ ಅಡ್ಡ ನಿಂತಳು. ತಂದದ್ದನ್ನು ತಿರಸ್ಕರಿಸುವುದು ಮುಖಕ್ಕೆ ಹೊಡೆದ ಹಾಗೆ ಎಂದು ಅವಳಿಗೆ ಗೊತ್ತಿಲ್ಲವೇ? ಆದರೂ ನಿಂತಳು.

"ಯಾರೂ ಒಳಗೆ ತರಬೇಡಿ. ನಾನೇ, ನನ್ನ ಕೈಯಾರೆ, ಈ ಹಣ್ಣು ಕುಡಿಸಿ ಅವನ ರಕ್ತ ಸೋರಿಸಿದೀನಿ. ಆಸ್ಪತ್ರೆಯೋರು ಕೊಟ್ಟ ರಕ್ತ ತೆಳು ಮಾಡೋ ಮಾತ್ರೆಗೆ ಇದು ಆಗಿಬರಲ್ಲ. ಇನ್ನು ಎರಡು ದಿನ ತಡವಾಗಿದ್ರೆ ನೀವು ಇವತ್ತು ಹೆಣ ನೋಡೋಕೆ ಬರ್ತಿದ್ರಿ."

ಜನ ಕಕ್ಕಾಬಿಕ್ಕಿಯಾದರು. "ಅಯ್ಯೋ, ಡಾಕ್ಟರು ಏನೋ ಅಂತಾರೆ ಬಿಡು," ಎಂದರು ಒಬ್ಬರು. "ನೀನೇ ಹೀಗಂದ್ರೆ ಹೆಂಗೆ ಅತ್ತಿಗೆ? ನಿನ್ನ ಮಾವ ತೊಂಬತ್ತೊಂದು..." ಎಂದರು ಇನ್ನೊಬ್ಬರು. "ನಮ್ಮ ಮಾವ ಆ ಮಾತ್ರೆ ನುಂಗಿರಲಿಲ್ಲ!" ಎಂದು ಯೂಲಿಯನ್ ಕಿರುಚಿದಳು.

ಗುಂಪಿನ ಹಿಂದೆ ನಿಂತಿದ್ದ ಸಾಯ್‌ಮೆಯ್ ಮುಂದೆ ಬಂದಳು.  "ಅಕ್ಕ, ಆ ಮಾತ್ರೆ... ಸಣ್ಣದಾ? ಬೆಳ್ಳಗಿರುತ್ತಾ? ಚಾಕುವಿನಲ್ಲಿ ತುಂಡು ಮಾಡಿ ಕೊಡೋದಾ?"

"ಹೌದು. ಯಾಕೆ?" ಎಂದಳು ಯೂಲಿಯನ್.

"ನಮ್ಮೋರಿಗೂ ಅದನ್ನೇ ಕೊಟ್ಟಿದಾರೆ. ಕಾಲಿನ ನರದಲ್ಲಿ ರಕ್ತ ಗಟ್ಟಿಯಾಗಿತ್ತು ಅಂತ. ನೀನು ಕೊಟ್ಟ ಡಬ್ಬಿ ಮುಗೀತು. ಈಗ ನಮ್ಮದೇ ಹಾಕ್ತಿದೀನಿ. ದಿನಕ್ಕೆ ಎರಡು ಹಿಡಿ, ನೀನು ಹೇಳಿದ್ಯಲ್ಲ ಅಕ್ಕ..."

ಮಾತು ಮುಗಿಯುವ ತನಕ ಯೂಲಿಯನ್ ಅಲ್ಲಿರಲಿಲ್ಲ. ಕಾಲಿಗೆ ಚಪ್ಪಲಿ ಇರಲಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು ಬೇಲಿ ಸಂದಿಯಲ್ಲೇ ನುಗ್ಗಿದಳು, ಗೋಜಿ ಮುಳ್ಳು ತೋಳು ಗೀರಿದ್ದೂ ತಿಳಿಯಲಿಲ್ಲ. ಮಾ ಯಾನ್‌ಲಿನ್ ತನ್ನ ಅಂಗಳದ ಬಿಸಿಲಿನಲ್ಲಿ, ತಲೆಗೆ ಬಿಳಿ ಟೋಪಿ ಇಟ್ಟುಕೊಂಡು, ಮುಚ್ಚಳದ ಬಟ್ಟಲಿನಿಂದ ಸುಖವಾಗಿ ಗುಟುಕರಿಸುತ್ತ ಕುಳಿತಿದ್ದ.

"ಬಾ ಅತ್ತಿಗೆ, ಬಾ! ಗೆನ್‌ಶೆಂಗ್ ಅಣ್ಣ ಹೆಂಗಿದಾನೆ? ನಾನೇ ಬರ್ಬೇಕು ಅಂತಿದ್ದೆ. ಬೆಳಗ್ಗೆಯಿಂದ ಯಾಕೋ ತಲೆಯೆಲ್ಲ ಭಾರ," ಎಂದು ಅವನು ನಗುತ್ತ ತೋಳು ಮಡಚಿದ. "ಇದು ನೋಡು, ಎಲ್ಲೂ ಬಡಿಸ್ಕೊಂಡಿಲ್ಲ, ಸುಮ್ಸುಮ್ನೆ ಬಂದಿದೆ. ಇದಕ್ಕೆ ಇನ್ನೆಷ್ಟು ಹಣ್ಣು ಹಾಕಬೇಕು ಹೇಳು?"

ಮೊಣಕೈಯಿಂದ ಮಣಿಕಟ್ಟಿನವರೆಗೆ ಅವನ ತೋಳು ಕಪ್ಪಾಗಿತ್ತು. ಯೂಲಿಯನ್ ಬಟ್ಟಲನ್ನು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿದಳು. ಕೆಂಪು ಹಣ್ಣು ಅಂಗಳದ ತುಂಬ ಚೆಲ್ಲಾಡಿತು. ಬಾಯಿಬಿಟ್ಟು ನೋಡುತ್ತಿದ್ದ ಯಾನ್‌ಲಿನ್‌ನ ಆ ಕೈಯನ್ನೇ, ಹಣ್ಣಿನ ತೊಟ್ಟು ಹಿಡಿಯುವಷ್ಟು ಮೆತ್ತಗೆ ಹಿಡಿದುಕೊಂಡು, ಹಿಂದೆ ಏದುಸಿರು ಬಿಡುತ್ತ ಬಂದ ಸಾಯ್‌ಮೆಯ್‌ಗೆ ಕೂಗಿ ಹೇಳಿದಳು: "ಮಾತ್ರೆ ಡಬ್ಬಿ ತಗೊಂಡು ಗಾಡಿ ಹತ್ತು. ಆಸ್ಪತ್ರೇಲಿ ಏನು ಕೊಟ್ರಿ ಅಂತ ಕೇಳ್ತಾರೆ. ಮೊದಲು ಈ ಹಣ್ಣಿನ ಮಾತು ಹೇಳು. ನೀರು ಅನ್ನಬೇಡ. ಯೂಲಿಯನ್ ಕೊಟ್ಟಳು ಅನ್ನು."